ಟೇಪಿನ ಇನ್ನೊಂದು ತುದಿ

ನಮ್ಮ ವಠಾರದ ಮೂಲೆಮನೆಗೆ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ. ಅದರ ಹಿಂಗೋಡೆ ಪಕ್ಕದ ಕಟ್ಟಡದ ಬಚ್ಚಲಿಗೆ ಅಂಟಿಕೊಂಡಿದ್ದರಿಂದ ವರ್ಷವಿಡೀ ತೇವ ಕುಡಿದು ಬೂಷ್ಟು ಹಿಡಿದಿರುತ್ತಿತ್ತು. ಸುಣ್ಣ ಬಳಿದರೆ ನಾಲ್ಕು ದಿನ ನಿಂತು ಐದನೇ ದಿನ ಪದರ ಪದರವಾಗಿ ಉದುರುತ್ತಿತ್ತು. ಅಡುಗೆಮನೆಯ ಕಿಟಕಿಗೆ ಬಾಗಿಲೇ ಇರಲಿಲ್ಲ. ನೋಡಲು ಬಂದವರು ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು, "ಆಮೇಲೆ ಹೇಳ್ತೀವಿ" ಎಂದು ಹೋಗುತ್ತಿದ್ದರು. ಆಮೇಲೆ ಯಾರೂ ಹೇಳಿದ್ದಿಲ್ಲ. ಅಂಥ ಮನೆಯನ್ನು ಒಳಗೆ ಬಂದು ಒಂದು ಸುತ್ತು ಹಾಕಿ, "ಬೆಳಕು ಚೆನ್ನಾಗಿದೆ" ಎಂದು ಒಪ್ಪಿದವಳು ಬಣ್ಣದಕ್ಕ ಒಬ್ಬಳೇ.

ಬಣ್ಣದಕ್ಕ ಅವಳ ಹೆಸರಲ್ಲ, ವಠಾರದ ಮಕ್ಕಳು ಇಟ್ಟದ್ದು. ಆಮೇಲೆ ದೊಡ್ಡವರ ಬಾಯಲ್ಲೂ ಅದೇ ಉಳಿಯಿತು. ನಾನು ಇಸ್ತ್ರಿ ಮಾಡುವವಳು, ವಠಾರದ ಗೇಟಿಗೆ ತಾಗಿಕೊಂಡೇ ನನ್ನ ಮೇಜು. ಒಳಗೆ ಹೋಗುವವರು ಹೊರಗೆ ಬರುವವರು ಎಲ್ಲರೂ ನನ್ನ ಕಣ್ಣ ಮುಂದೆಯೇ ಹಾಯಬೇಕು. ಮೂಲೆಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಕೇಳಿದ್ದು. ನನಗೆ ಬಾಯಿ ಜೋರು ಎನ್ನುತ್ತಾರೆ. ಇದನ್ನು ಮೆಲ್ಲಗೆ ಹೇಳಲು ನನಗೆ ಬರುವುದೂ ಇಲ್ಲ.

ಮನೆ ಕೊಡುವಾಗ ಓನರಮ್ಮ ಹೇಳಿದ ಮಾತು ನನ್ನ ಮೇಜಿನ ಮುಂದೆಯೇ ಆದದ್ದು. "ನೋಡಮ್ಮಾ, ರಿಪೇರಿ ಏನಿದ್ರೂ ನಿಂದೇ. ನಾನು ಬಾಡಿಗೆ ಜಾಸ್ತಿ ಮಾಡಲ್ಲ. ನಾನಿರೋವರೆಗೂ ನಿನ್ನ ಯಾರೂ ಎಬ್ಬಿಸಲ್ಲ. ಆದ್ರೆ ಒಂದು, ಗೋಡೆಗೆ ಏನೇ ಅಂಟಿಸಿದ್ರೂ ಹೋಗುವಾಗ ಕಿತ್ಕೊಂಡು ಹೋಗ್ಬೇಕು. ನನ್ ಗೋಡೆ ಹೇಗಿತ್ತೋ ಹಾಗೇ ನಂಗೆ ವಾಪಸ್ ಬೇಕು."

ಬೂಷ್ಟು ಹಿಡಿದ ಗೋಡೆ ಹಾಗೇ ವಾಪಸ್ ಬೇಕಂತೆ! ನಾನು ಇಸ್ತ್ರಿಪೆಟ್ಟಿಗೆಯ ಕಡೆ ಮುಖ ತಿರುಗಿಸಿ ನಕ್ಕೆ. ಬಣ್ಣದಕ್ಕ ನಗಲಿಲ್ಲ. "ನಾನಿರೋವರೆಗೂ ಯಾರೂ ಎಬ್ಬಿಸಲ್ಲ" ಎನ್ನುವುದೊಂದೇ ಅವಳ ಕಿವಿಗೆ ಬಿದ್ದದ್ದು.

ಅದಕ್ಕೆ ಕಾರಣ ಅವಳ ಅತ್ತೆ. ಮುದುಕಿಗೆ ಕಣ್ಣು ಪೂರ್ತಿ ಹೋಗಿತ್ತು, ಬೆಳಕಿದೆಯೋ ಇಲ್ಲವೋ ಎನ್ನುವುದಷ್ಟೇ ತಿಳಿಯುತ್ತಿತ್ತು. ಹಿಂದೆ ಇದ್ದ ಮನೆಗಳಲ್ಲೆಲ್ಲ ಎಬ್ಬಿಸುತ್ತಲೇ ಇದ್ದರು. ಒಂದು ಮನೆ ಕೈಗೆ ಹತ್ತುವಷ್ಟರಲ್ಲಿ ಇನ್ನೊಂದು. ಹೊಸ ಮನೆಗೆ ಹೋದಾಗಲೆಲ್ಲ ಮುದುಕಿ ಬಾಗಿಲಿಗೆ ಹಣೆ ಬಡಿದುಕೊಳ್ಳುವುದು, ಒಲೆಯ ಮೇಲೆ ಕೈಯಿಡುವುದು, ಬಚ್ಚಲೆಂದು ಬೀದಿಗೆ ಇಳಿಯುವುದು ನಡೆದೇ ಇತ್ತು. ಮಗ ನೋಡಿಕೊಳ್ಳುತ್ತಿದ್ದನೇ ಎಂದರೆ, ಅವನು ಗೋದಾಮಿನ ಕಾವಲುಗಾರ. ಕೆಲಸದಲ್ಲಿ ನಿದ್ದೆ ಮಾಡಿ ದಣಿದು ಮನೆಗೆ ಬಂದು ಮಲಗುತ್ತಿದ್ದ. ಅವನನ್ನು ನಾವು ದೊರೆ ಎಂದೇ ಕರೆಯುವುದು.

ಬಣ್ಣದಕ್ಕ ಪರದೆ ಹೊಲಿಯುವ ಅಂಗಡಿಯಲ್ಲಿ ಮಿಷನ್ ತುಳಿಯುತ್ತಿದ್ದಳು. ಕತ್ತರಿಸಿ ಉಳಿದ ತುಂಡುಬಟ್ಟೆ ಅವಳಿಗೆ ಸಿಗುತ್ತಿತ್ತು. ಅಂಗೈಯಗಲದ ತುಂಡುಗಳನ್ನು ಜೋಡಿಸಿ, ಹೊಲಿಗೆಯೇ ಡಿಸೈನ್ ಅನ್ನಿಸುವ ಹಾಗೆ ಪರದೆ ಮಾಡಿದಳು. ಬಣ್ಣದ ಅಂಗಡಿಯಲ್ಲಿ ಯಂತ್ರ ತಪ್ಪಿ ಕಲಸಿದ, ಗಿರಾಕಿ ಬೇಡವೆಂದು ಬಿಟ್ಟುಹೋದ ಡಬ್ಬಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಅವನ್ನು ಸಿಕ್ಕ ಬೆಲೆಗೆ ತಂದು ಒಂದಕ್ಕೊಂದು ಸೇರಿಸುತ್ತಿದ್ದಳು. "ಎರಡು ತಪ್ಪು ಬಣ್ಣ ಸೇರಿದ್ರೆ ಒಂದು ಸರಿ ಬಣ್ಣ ಆಗುತ್ತೆ ಅಕ್ಕ, ಅಳತೆ ಗೊತ್ತಿರ್ಬೇಕು ಅಷ್ಟೇ" ಎಂದು ನನಗೆ ಹೇಳಿದ್ದಳು. ಹಿಂಗೋಡೆ ವಾಸಿಯಾಗುವ ಜಾತಿಯದಲ್ಲ ಎಂದು ಅವಳಿಗೆ ಮೊದಲ ವಾರವೇ ತಿಳಿಯಿತು. ಸಾಮಾನು ಬರುವ ಮರದ ಪೆಟ್ಟಿಗೆಗಳನ್ನು ಬಿಚ್ಚಿ ಚೌಕಟ್ಟು ಮಾಡಿ, ಅದಕ್ಕೆ ದಪ್ಪ ಬಟ್ಟೆ ಬಿಗಿದು ಬಣ್ಣ ಹೊಡೆದು, ಆ ಗೋಡೆಯ ಮುಂದೆ ಗಾಳಿಯಾಡಲು ಸಂದು ಬಿಟ್ಟು ಇನ್ನೊಂದು ಗೋಡೆಯನ್ನೇ ನಿಲ್ಲಿಸಿದಳು. ಮನೆಯ ವಾಸನೆ ಹೋಯಿತು. ನೀಲಿಪುಡಿಯಲ್ಲಿ ಅದ್ದಿದ ದಾರವನ್ನು ಎರಡು ಮೊಳೆಯ ನಡುವೆ ಎಳೆದು ಚಿಮ್ಮಿ ಗುರುತು ಬೀಳಿಸಿ, ಅದರ ಗುಂಟ ಬರಿಗೈಯಲ್ಲಿ ಕುಂಚ ಎಳೆಯುತ್ತಿದ್ದಳು. ಆ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗುತ್ತಿರಲಿಲ್ಲ. ನನ್ನ ಇಡೀ ಜೀವಮಾನದಲ್ಲಿ ನಾನು ಒಂದು ಪ್ಯಾಂಟಿಗೂ ಅಷ್ಟು ನೆಟ್ಟಗೆ ಮಡಿಕೆ ಹಾಕಿಲ್ಲ.

ಇಷ್ಟೆಲ್ಲದರಲ್ಲಿ ಮುಖ್ಯವಾದದ್ದು ಒಂದು ಬಳ್ಳಿ. ಹಳೆಯ ಪೇಪರು ನೆನೆಹಾಕಿ ರುಬ್ಬಿ ಮೈದಾ ಅಂಟಿನಲ್ಲಿ ಕಲಸಿ, ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ಉಬ್ಬಿದ ಬಳ್ಳಿಯೊಂದನ್ನು ಹಬ್ಬಿಸಿದಳು. ಅದು ಮುದುಕಿಯ ಮಂಚದ ಹತ್ತಿರ ಶುರುವಾಗುತ್ತಿತ್ತು. ಅಡುಗೆಮನೆಯ ತಿರುವಿನಲ್ಲಿ ಒಂದು ದೊಡ್ಡ ಎಲೆ, ಬಚ್ಚಲ ಬಾಗಿಲಲ್ಲಿ ಒಂದು ಗುಂಡನೆಯ ಕಾಯಿ. ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ ಬಣ್ಣ ಕೊಟ್ಟಳು. ನೋಡಿದವರು ಅಲಂಕಾರ ಎಂದುಕೊಂಡರು. ಮುದುಕಿ ಮಾತ್ರ ಅದರ ಮೇಲೆ ಬೆರಳಾಡಿಸುತ್ತ, ಎಲೆ ಬಂದರೆ ಅಡುಗೆಮನೆ, ಕಾಯಿ ಬಂದರೆ ಬಚ್ಚಲು ಎಂದು ಯಾರ ಹಂಗೂ ಇಲ್ಲದೆ ಓಡಾಡತೊಡಗಿದಳು. ಆ ಮನೆಗೆ ಬಂದ ಮೇಲೆ ಅವಳು ಒಂದು ಸಲವೂ ಬೀಳಲಿಲ್ಲ.

ಹಾಗೆಂದು ಸೊಸೆಯನ್ನು ಹೊಗಳಿದಳೇ? ಎಲ್ಲಿಂದ ಬರಬೇಕು! "ಗೋಡೆಗೆ ಒಡವೆ ಹಾಕ್ತಾಳೆ, ನನ್ ಹಾಸಿಗೆ ಬದಲಾಯಿಸೋಕೆ ಬಿಡುವಿಲ್ಲ ಇವಳಿಗೆ" ಎಂದು ದಿನಾ ಗೊಣಗುತ್ತಿದ್ದಳು. ದೊರೆಯದು ಇನ್ನೊಂದು ರಾಗ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಬಂದವರ ಮುಂದೆಲ್ಲ ಹೇಳಿ ತಾನೇ ನಗುತ್ತಿದ್ದ. ಒಬ್ಬಳಿಗೆ ಕಣ್ಣಿಲ್ಲ, ಒಬ್ಬನಿಗೆ ಕಣ್ಣಿದ್ದೂ ಇಲ್ಲ. ಅಂಥವರ ನಡುವೆ ಅವಳು ಮನೆ ಸಿಂಗರಿಸುತ್ತಿದ್ದಳು. ಆದರೂ ಮುದುಕಿ ಒಮ್ಮೆ ಬಿಸಿಲಿಗೆ ಕೂತಾಗ ನನ್ನ ಹತ್ತಿರ ಹೇಳಿದ್ದುಂಟು: "ಇನ್ನೊಂದು ಮನೆ ಕಲಿಯೋ ಶಕ್ತಿ ನನ್ ಬೆರಳಿಗಿಲ್ಲ ಕಣಮ್ಮಾ. ಇಲ್ಲೇ ಹೋಗ್ಬಿಡ್ಬೇಕು. ಇವಳೊಬ್ಬಳು ಬಾಯಿ ಮುಚ್ಕೊಂಡಿದ್ರೆ ಸಾಕು."

ಆದರೆ ಹೊಗಳಿಕೆ ಕಾಣದವಳ ಬಾಯಿ ಮುಚ್ಚಿಸುವುದು ಕಷ್ಟ. ಮನೆ ಸುದ್ದಿ ಹಬ್ಬಿ, ಓನರಮ್ಮ ನೋಡಲು ಬಂದಳು. ಮಾರನೇ ವಾರ ತಂಗಿಯನ್ನು ಕರೆದುಕೊಂಡು ಬಂದಳು. ಆಮೇಲೆ ಯಾರ್ಯಾರೋ. "ನಮ್ಮ ಮೂಲೆಮನೆ ನೋಡಿ ಬನ್ನಿ" ಎಂದು ಓನರಮ್ಮ ಮುಂದೆ, ಬಂದವರು ಹಿಂದೆ. ಬಣ್ಣದಕ್ಕನಿಗೆ ಸಂಭ್ರಮವೋ ಸಂಭ್ರಮ. ಚಹಾ ಕಾಸುತ್ತಿದ್ದಳು. ಪರದೆ ತಿರುಗಿಸಿ ಹೊಲಿಗೆ ತೋರಿಸುತ್ತಿದ್ದಳು. ಬಟ್ಟೆಗೋಡೆಯ ಹಿಂದಿನ ಬೂಷ್ಟನ್ನೂ ತೋರಿಸಿ, ಈಗ ವಾಸನೆ ಬರುತ್ತದೆಯೇ ಎಂದು ಅವರಿಂದಲೇ ಮೂಸಿಸಿ, ಬರುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸುತ್ತಿದ್ದಳು. ಇಷ್ಟು ಚೆನ್ನಾಗಿ ಮನೆ ತೋರಿಸುವ ದಲ್ಲಾಳಿ ಹಣ ಕೊಟ್ಟರೂ ಸಿಗುತ್ತಿರಲಿಲ್ಲ.

ನಾನು ತಡೆಯಲಾರದೆ ಹೇಳಿದೆ, "ಬಾಡಿಗೆ ಮನೆಯನ್ನ ಇಷ್ಟು ಚೆನ್ನಾಗಿ ಮಾಡಬಾರ್ದು ಕಣೇ. ಮಾಡಿದ್ರೂ ತೋರಿಸಬಾರ್ದು. ಇವರು ಬಾಯಲ್ಲಿ ಹೊಗಳ್ತಾರೆ, ಕಣ್ಣಲ್ಲಿ ತಮ್ಮ ಮಂಚ ಹಾಕ್ತಾರೆ."

"ಹೋಗಕ್ಕ, ನೀವೊಬ್ರು. ಓನರಮ್ಮ ಮಾತು ಕೊಟ್ಟಿದಾರೆ."

ಒಂದು ಭಾನುವಾರ ಗಂಡಹೆಂಡತಿ ಇಬ್ಬರು ಬಂದರು. ಹೊಸದಾಗಿ ಮದುವೆಯಾದವರಂತೆ, ಮಾತುಮಾತಿಗೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನಾನು ಅವತ್ತು ಅವಳ ಅಡುಗೆಮನೆಯಲ್ಲೇ ಕೂತಿದ್ದೆ. ಹುಡುಗಿ ಬಳ್ಳಿಯ ಮೇಲೆ ಕೈಯಾಡಿಸಿ, "ಅಯ್ಯೋ ಎಷ್ಟು ಮುದ್ದಾಗಿದೆ!" ಎಂದಳು. ಹುಡುಗ ಜೇಬಿನಿಂದ ಸ್ಟೀಲ್ ಟೇಪು ತೆಗೆದ. "ಅಕ್ಕ, ಈ ತುದಿ ಸ್ವಲ್ಪ ಹಿಡ್ಕೋತೀರಾ?"

ಬಣ್ಣದಕ್ಕ ಹಿಡಿದಳು. ಕಿಟಕಿ ಅಳೆದರು. ಬಾಗಿಲು ಅಳೆದರು. ಆಮೇಲೆ ಅವಳು ಮೊಣಕಾಲೂರಿ ಗೋಡೆಯ ಬುಡಕ್ಕೆ ತುದಿ ಒತ್ತಿ ಹಿಡಿದಳು, ಅವನು ಇನ್ನೊಂದು ಗೋಡೆಯವರೆಗೂ ಟೇಪು ಎಳೆದುಕೊಂಡು ಹೋದ. "ಸಡಿಲ ಬಿಡಬೇಡಿ, ಬಿಗಿಯಾಗಿ ಎಳೀರಿ, ಇಲ್ಲಾಂದ್ರೆ ಅಳತೆ ತಪ್ಪುತ್ತೆ" ಎಂದು ಹೇಳಿಕೊಟ್ಟವಳೂ ಅವಳೇ. ಓನರಮ್ಮ ಬಾಗಿಲಲ್ಲಿ ನಿಂತು ಎಲ್ಲೋ ನೋಡುತ್ತಿದ್ದಳು.

ಅವರು ಹೋದ ಮೇಲೆ ಮುದುಕಿ ಮಂಚದಿಂದ ಕೇಳಿದಳು, "ಏನೇ ಅಳೆದ್ರು ಅವ್ರು?"

"ಪರದೆ ಅಳತೆ ಅತ್ತೆ. ಅವರ ಮನೆಗೂ ಇಂಥದ್ದೇ ಬೇಕು ಅನ್ಸುತ್ತೆ. ನಮ್ಮ ಅಂಗಡಿಗೆ ಒಂದು ಆರ್ಡರ್ ಆಯ್ತು ಅಂದ್ಕೊಳ್ಳಿ."

"ಪರದೆಗೆ ನೆಲ ಯಾಕೇ ಅಳೀತಾರೆ? ಟೇಪು ನೆಲದ ಮೇಲೆ ಹರಿದ ಸದ್ದು ನಂಗೆ ಕೇಳಿಸ್ತು. ಪರದೆಯನ್ನ ಹಾಸ್ಕೊಂಡು ಮಲಗ್ತಾರಾ ಅವ್ರು?"

ಬಣ್ಣದಕ್ಕ ಚಹಾ ಲೋಟಗಳನ್ನು ಕೈಯಲ್ಲಿ ಹಿಡಿದೇ ನಿಂತಳು. ಮುದುಕಿ ನಗಾಡಿದಳು, ನಗುವೇನೂ ಒಳ್ಳೆಯದಾಗಿರಲಿಲ್ಲ. "ನಿನ್ ಕೈಯಲ್ಲೇ ತುದಿ ಹಿಡಿಸಿ ನಿನ್ ಮನೆಯನ್ನೇ ಅಳ್ಕೊಂಡು ಹೋದ್ರಲ್ಲೇ ದಡ್ಡಿ. ಕುರುಡಿ ನಾನೋ ನೀನೋ?"

ಓನರಮ್ಮ ಅದೇ ವಾರ ಬಂದು, ಬಣ್ಣದಕ್ಕನನ್ನು ನನ್ನ ಮೇಜಿನ ಹತ್ತಿರವೇ ನಿಲ್ಲಿಸಿ, ತಿಂಗಳ ಕೊನೆಗೆ ಖಾಲಿ ಮಾಡಬೇಕೆಂದಳು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದು ಹೊಸ ಕಥೆಯೇನಲ್ಲ. ಆದರೆ ಹಾವು ಗೆದ್ದಲಿನ ಹತ್ತಿರ ಬಂದು ಮಣ್ಣು ಚೆನ್ನಾಗಿದೆ ಎಂದು ಹೊಗಳುವುದಿಲ್ಲ. ಓನರಮ್ಮ ಅದನ್ನೂ ಮಾಡಿದಳು. "ನಿನ್ ಕೈಗುಣ ದೊಡ್ಡದಮ್ಮಾ. ನೀನೆಲ್ಲಿ ಹೋದ್ರೂ ಬದುಕ್ತೀಯ."

"ನಾನಿರೋವರೆಗೂ ಯಾರೂ ಎಬ್ಬಿಸಲ್ಲ ಅಂದಿದ್ರಲ್ಲ ನೀವು?"

"ಈಗ ಯಾರು ಎಬ್ಬಿಸ್ತಿದಾರೆ? ನಾನೇ ಅಲ್ವಾ ಹೇಳ್ತಿರೋದು?"

ಬಣ್ಣದಕ್ಕ ಬೇಡಿಕೊಂಡಳು. ಆ ಟೇಪಿನ ಹುಡುಗ ಕೊಡುವ ಬಾಡಿಗೆಯನ್ನೇ ತಾನೂ ಕೊಡುವೆನೆಂದಳು. ಓನರಮ್ಮ ಅವಳ ಸವೆದ ಚಪ್ಪಲಿಯ ಕಡೆ ನೋಡಿದಳು. "ನಮ್ಮತ್ತೆಗೆ ಈ ಮನೆ ಬೆರಳಲ್ಲಿ ಕೂತಿದೆ. ಇನ್ನೊಂದು ಮನೆಗೆ ಹೋದ್ರೆ ಬಿದ್ದು ಸಾಯ್ತಾರೆ ಓನರಮ್ಮ" ಎಂದಾಗ ಅವಳು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ನಿಮ್ಮತ್ತೆಗೆ ಯಾವ ಮನೆಯಾದ್ರೇನು? ಹೇಗಿದ್ರೂ ಕಣ್ಣು ಕಾಣಲ್ಲವಲ್ಲ!"

ಆಗ ನನಗೆ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಅವಳ ನಾಲಿಗೆಯ ಮೇಲಿಡಬೇಕು ಎನ್ನಿಸಿತು. ಸುಳ್ಳಲ್ಲ, ಹಾಗೇ ಅನ್ನಿಸಿತು.

ಹಾಗಿದ್ದರೆ ಬಳ್ಳಿಯನ್ನಾದರೂ ಕಿತ್ತುಕೊಂಡು ಹೋಗುತ್ತೇನೆ, ಗೋಡೆಯಿಂದ ಬೇರೆ ಏನೂ ಬೇಡ ಎಂದಳು ಬಣ್ಣದಕ್ಕ. ತುಂಡು ತುಂಡಾಗಿ ಎಬ್ಬಿಸಿ ಹೊಸ ಮನೆಯಲ್ಲಿ ಕೂರಿಸಬಹುದು ಎನ್ನುವುದು ಅವಳ ಲೆಕ್ಕ. ಓನರಮ್ಮನ ಮುಖ ಬಿಗಿಯಿತು. "ಅದನ್ನ ಮುಟ್ಟಬೇಡ. ಆ ಹುಡುಗಿ ಒಪ್ಪಿದ್ದೇ ಆ ಡಿಸೈನ್ ನೋಡಿ. ಗೋಡೆಗೆ ಅಂಟಿದ್ದು ಗೋಡೆದು. ಕಿತ್ರೆ ಅಡ್ವಾನ್ಸ್ ಮರೆತುಬಿಡು."

"ಅವತ್ತು ಅಂಟಿಸಿದ್ದೆಲ್ಲ ಕಿತ್ಕೊಂಡು ಹೋಗ್ಬೇಕು ಅಂದಿದ್ರಿ?"

"ಅವತ್ತು ನಿನ್ ಕೈಕೆಲಸ ನಾನು ನೋಡಿರ್ಲಿಲ್ಲ."

ದೊರೆ ಸಂಜೆ ಬಂದು ಕೂಗಾಡಿದ. ಸುತ್ತಿಗೆ ತರುತ್ತೇನೆ, ಎಲ್ಲ ಪುಡಿ ಮಾಡುತ್ತೇನೆ, ನಾನು ಯಾರೆಂದು ತೋರಿಸುತ್ತೇನೆ ಎಂದ. ಅಡ್ವಾನ್ಸ್ ಎನ್ನುವ ಮಾತು ಕೇಳಿದ್ದೇ ಸುತ್ತಿಗೆ ಮರೆತುಹೋಯಿತು. ಊಟ ಮಾಡಿ ಮಲಗಿದ. ಮನೆ ಬಿಡುವ ದಿನ ಮುದುಕಿ ಮಂಚದಿಂದ ಬಾಗಿಲವರೆಗೆ ಬಳ್ಳಿಯ ಮೇಲೆ ಕೈಯಿಟ್ಟೇ ನಡೆದು ಬಂದಳು. ಹೊಸ್ತಿಲು ದಾಟಿದ ಮೇಲೂ ಕೈ ಅದೇ ಎತ್ತರದಲ್ಲಿ ಸ್ವಲ್ಪ ಹೊತ್ತು ತಡಕಾಡಿತು. ಬಣ್ಣದಕ್ಕ ಆ ಕೈ ಹಿಡಿದು ಆಟೋದಲ್ಲಿ ಕೂರಿಸಿದಳು.

ಹೊಸ ಮನೆ ಎರಡು ಬೀದಿಯಾಚೆ. ಅದರ ಓನರು ದಪ್ಪ ಕನ್ನಡಕದ ಮನುಷ್ಯ. "ನಿಮ್ ವಿಷಯ ಕೇಳಿದೀನಿ" ಎಂದು ನಗುನಗುತ್ತ ಬೀಗದ ಕೈ ಕೊಟ್ಟನಂತೆ. ಕೊಟ್ಟ ಮನೆ ಹೇಗಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಕಾಲಿಟ್ಟ ದಿನವೇ ಬಣ್ಣದಕ್ಕ ಆಣೆ ಮಾಡಿದಳು, ಇನ್ನು ಯಾರ ಗೋಡೆಗೂ ಒಂದು ಮೊಳೆ ಹೊಡೆಯುವುದಿಲ್ಲ, ಒಂದು ತೊಟ್ಟು ಬಣ್ಣ ಹಾಕುವುದಿಲ್ಲ ಎಂದು. ಪರದೆಗಳು ಗಂಟಿನಲ್ಲೇ ಉಳಿದವು. ಕಿಟಕಿಗೆ ಪೇಪರು ಅಂಟಿಸಿದಳು. ಬಟ್ಟೆ ಕೊಡಲು ಹೋದಾಗ ನನಗೇ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ದೊರೆಗೆ ಮಾತ್ರ ಖುಷಿ. "ಈಗ ಬುದ್ಧಿ ಬಂತು" ಎಂದ.

ಮುದುಕಿ ಗೋಡೆ ಸವರಿ ಸವರಿ ಕೇಳುತ್ತಿದ್ದಳು, "ಏನೂ ಸಿಗ್ತಾ ಇಲ್ವಲ್ಲೇ. ಬಳ್ಳಿ ಎಲ್ಲಿ?"

"ಇಲ್ಲಿ ಬಳ್ಳಿ ಇಲ್ಲ ಅತ್ತೆ. ಬೇಕಾದಾಗ ಕೂಗಿ, ನಾನು ಬರ್ತೀನಿ."

ಕೂಗಿದಾಗ ಅವಳು ಅಂಗಡಿಯಲ್ಲಿದ್ದಳು. ದೊರೆ ಮನೆಯಲ್ಲೇ ಇದ್ದ, ನಿದ್ದೆಯಲ್ಲಿದ್ದ. ಮುದುಕಿ ತಾನೇ ಎದ್ದು ಬಚ್ಚಲು ಹುಡುಕುತ್ತ ಹೋಗಿ, ಇಲ್ಲದ ಕಾಯಿಗೆ ಕೈ ಚಾಚಿ, ಬಾಗಿಲಾಚೆಯ ಮೆಟ್ಟಿಲ ಮೇಲಿಂದ ಉರುಳಿದಳು. ಸೊಂಟದ ಮೂಳೆ ಮುರಿಯಿತು. ಈ ವಯಸ್ಸಿನಲ್ಲಿ ಕೂಡುವುದಿಲ್ಲ, ಇನ್ನು ನಡೆಯುವ ಆಸೆ ಬಿಡಿ ಎಂದರು ಡಾಕ್ಟರು. ನಾನು ನೋಡಲು ಹೋದಾಗ ಬಣ್ಣದಕ್ಕ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮುದುಕಿ ಸೂರಿನ ಕಡೆ ಮುಖ ಮಾಡಿ ಒಂದೇ ಮಾತು ಹೇಳಿದಳು. "ಗೋಡೆ ಮೇಲಿನ ಸಿಟ್ಟನ್ನ ನನ್ ಸೊಂಟದ ಮೇಲೆ ತೀರಿಸ್ಕೊಂಡ್ಳು."

ಹಾಗೆ ಹೇಳಬಾರದಿತ್ತು. ಎರಡು ದಿನ ಬಣ್ಣದಕ್ಕ ಅನ್ನ ಮುಟ್ಟಲಿಲ್ಲ. ಆದರೆ ಮುದುಕಿ ಹೇಳಿದ್ದು ಸುಳ್ಳೆಂದು ಅವಳೂ ವಾದಿಸಲಿಲ್ಲ, ನಾನೂ ವಾದಿಸಲಿಲ್ಲ.

ಇನ್ನೂ ಗಾಯದ ಹಸಿ ಆರಿರಲಿಲ್ಲ, ಕನ್ನಡಕದ ಓನರು ಬಂದ. ಮುದುಕಿಯನ್ನು ನೋಡಲು ಬಂದನೆಂದು ಬಣ್ಣದಕ್ಕ ಕುರ್ಚಿ ಹಾಕಿದಳು. ಅವನು ಕೂರಲಿಲ್ಲ. ಗೋಡೆ ನೋಡಿದ, ಕಿಟಕಿಯ ಪೇಪರು ನೋಡಿದ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. "ಇದೇನಮ್ಮಾ ಇದು? ನೀವು ಮನೆ ಚೆನ್ನಾಗಿ ಮಾಡ್ತೀರಿ ಅಂತ ತಾನೇ ನಾನು ಕಮ್ಮಿ ಬಾಡಿಗೆಗೆ ಒಪ್ಪಿದ್ದು? ಹೀಗೇ ಇಟ್ಕೊಳ್ಳೋದಾದ್ರೆ ಯಾರು ಬೇಕಾದ್ರೂ ಬರ್ತಾರೆ. ಸುಮ್ನೆ ಇರೋ ಹಾಗಿದ್ರೆ ಹೇಳಿ, ಬೇರೆಯವರಿಗೆ ಕೊಡ್ತೀನಿ."

ಚೆನ್ನಾಗಿ ಮಾಡಿದ್ದಕ್ಕೆ ಒಂದು ಕಡೆ ಎಬ್ಬಿಸಿದರು, ಮಾಡದೇ ಇದ್ದದ್ದಕ್ಕೆ ಇನ್ನೊಂದು ಕಡೆ ಎಬ್ಬಿಸಲು ಬಂದರು. ಅಲುಗಾಡಿಸಿದರೆ ಕಿರುಚುವ ಮುದುಕಿಯನ್ನು ಹೊತ್ತುಕೊಂಡು ಅವಳು ಇನ್ನೆಲ್ಲಿಗೆ ಹೋಗಬೇಕು? "ಮಾಡ್ತೀನಿ ಸರ್, ಈ ವಾರವೇ ಶುರು ಮಾಡ್ತೀನಿ" ಎಂದಳಂತೆ.

ನಾನು ಮೊನ್ನೆ ಬಟ್ಟೆ ಕೊಡಲು ಹೋದಾಗ ಅವಳು ಪೆಟ್ಟಿಗೆಯ ಮೇಲೆ ನಿಂತು ಬಣ್ಣ ಹೊಡೆಯುತ್ತಿದ್ದಳು. ನೋಡಿ ನನಗೆ ಸಮಾಧಾನವಾಯಿತು. ಹತ್ತಿರ ಹೋದರೆ ಗೋಡೆಯ ಅಂಚಿನ ಗೆರೆ ಹಾವು ಹರಿದ ಹಾಗೆ ಡೊಂಕು. ಅಲ್ಲಲ್ಲಿ ಬಣ್ಣ ಸೋರಿತ್ತು. ಇವಳು ಎಳೆದ ಗೆರೆ ಇದು ಎಂದರೆ ನಂಬಲಾಗಲಿಲ್ಲ.

"ಕೈ ನಡುಗ್ತಿದೆಯೇನೇ? ಬೇಕಾದ್ರೆ ನಾನು ಹಿಡ್ಕೋತೀನಿ."

"ಇಲ್ಲಕ್ಕ, ಬೇಕು ಅಂತಲೇ ಮಾಡ್ತಿದೀನಿ." ಅವಳು ತಿರುಗಿ ನೋಡಲಿಲ್ಲ. "ಓನರಿಗೆ ಎಬ್ಬಿಸೋ ಮನಸ್ಸು ಬರಬಾರ್ದು. ನೋಡೋಕೆ ಬಂದೋರಿಗೆ ಇಲ್ಲಿರೋ ಮನಸ್ಸು ಬರಬಾರ್ದು. ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು."

"ಅತ್ತೆಗೆ ಬಳ್ಳಿ ಮಾಡಲ್ವಾ?"

"ಯಾರು ನಡೀತಾರೆ ಅಂತ ಮಾಡ್ಲಿ?"

ಮಂಚದ ಮೇಲೆ ಮುದುಕಿ ಎಚ್ಚರವಾಗಿಯೇ ಇದ್ದಳು, ಬಣ್ಣದ ವಾಸನೆ ಮೂಸುತ್ತಿದ್ದಳು. ಬಣ್ಣದಕ್ಕ ಕೆಳಗಿಳಿದು ಹಿಂದೆ ಸರಿದು ಗೋಡೆ ನೋಡಿದಳು. ನನ್ನ ಜೊತೆ ಮಾತಾಡುತ್ತ ಮೈಮರೆತಿದ್ದಳೋ ಏನೋ, ಕಿಟಕಿಯ ಪಕ್ಕದಲ್ಲಿ ಒಂದು ಗೆರೆ ದಾರ ಹಿಡಿದ ಹಾಗೆ ನೆಟ್ಟಗೆ ಬಂದುಬಿಟ್ಟಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ, ಹಸಿ ಬಣ್ಣದ ಮೇಲೆ ಅಂಗೈಯಿಟ್ಟು ಮೇಲಿಂದ ಕೆಳಗಿನವರೆಗೆ ಅಳಿಸಿ, ಕೈಯನ್ನು ಚಿಂದಿಬಟ್ಟೆಗೆ ಒರೆಸಿಕೊಂಡು ಮತ್ತೆ ಕುಂಚ ಅದ್ದಿದಳು.